ಆಯುಧದ ದೋಣಿ ಹಿಡಿಯೋದನ್ನು ಬೇರೆ ದೇಶದವರಿಗೆ ಕಲಿಸಿದರೆ ಪ್ರಯೋಜನ ಇದೆಯಾ?

ಓದುಗರ ಪ್ರಶ್ನೆ: ನನ್ನ ತಮ್ಮ ಹನ್ನೊಂದು ವರ್ಷದಿಂದ ಕರಾವಳಿ ಕಾವಲು ಪಡೆಯಲ್ಲಿದ್ದಾನೆ. ಸಮುದ್ರದಲ್ಲಿ ಅನುಮಾನ ಬಂದ ದೋಣಿಗಳನ್ನು ಹತ್ತಿ ತಪಾಸಣೆ ಮಾಡುವ ತಂಡ ಅವನದು. ಈಗ ಮಿತ್ರ ದೇಶವೊಂದರ ನಾವಿಕರಿಗೆ ಅದೇ ಕೆಲಸ ಕಲಿಸಲು ಕಳಿಸುತ್ತಿದ್ದಾರೆ. ಆಯುಧ ಕಳ್ಳಸಾಗಣೆ ತಡೆಯೋದೇ ಮುಖ್ಯ ವಿಷಯವಂತೆ. ಮನೆಯಲ್ಲಿ ದಿನಾ ಇದೇ ಮಾತು. ನಮ್ಮ ಭಾವ ಹೇಳುತ್ತಾರೆ: "ಉಪಗ್ರಹ, ಡ್ರೋನ್ ಇರೋ ದೊಡ್ಡ ನೌಕಾಪಡೆಗಳಿಗೇ ಆಗದ್ದು ನಾಲ್ಕು ಬೋಟ್ ಇರೋ ದೇಶಕ್ಕೆ ಆಗುತ್ತಾ? ಇದೆಲ್ಲ ಫೋಟೋಗೆ." 2024ರಲ್ಲಿ ಸೊಮಾಲಿಯಾ ಹತ್ತಿರ ದೋಣಿ ಹತ್ತುವಾಗ ಇಬ್ಬರು ಅಮೆರಿಕನ್ ಕಮಾಂಡೊಗಳು ತೀರಿಕೊಂಡ ಸುದ್ದಿ ಕೇಳಿದಾಗಿನಿಂದ ಅಮ್ಮನಿಗೆ ಸರಿಯಾಗಿ ನಿದ್ದೆ ಇಲ್ಲ. ನನ್ನ ಚಿಂತೆ ಬೇರೆ. ಇವತ್ತು ಕಲಿತವರು, ನಾಳೆ ಸಂಬಳ ನಿಂತರೆ ಅಥವಾ ಸರ್ಕಾರ ಬದಲಾದರೆ, ಆ ಕಳ್ಳರ ಜೊತೆಗೇ ಸೇರಿಬಿಟ್ಟರೆ? ಮತ್ತೆ, ಸಮುದ್ರದ ಮಧ್ಯೆ ಯಾರ ದೋಣಿಯನ್ನಾದರೂ ನಿಲ್ಲಿಸಿ ಹತ್ತೋ ಹಕ್ಕು ಇವರಿಗೆ ನಿಜವಾಗಿ ಇದೆಯಾ?

ಉತ್ತರ: ನಿಮ್ಮ ಮನೆಯಲ್ಲಿ ನಡೆಯುತ್ತಿರುವ ಈ ಮಾತು ನಮ್ಮ ತಂಡಗಳ ಒಳಗೂ ನಡೆಯುತ್ತದೆ. ನಾನು ಬಹಳ ವರ್ಷ ಹೀಗೆ ದೋಣಿ ಹತ್ತಿ ತಪಾಸಣೆ ಮಾಡುವ ಬೋರ್ಡಿಂಗ್ ತಂಡದಲ್ಲಿದ್ದು, ಆಮೇಲೆ ಬೇರೆ ದೇಶದ ನಾವಿಕರಿಗೆ ಇದನ್ನೇ ಕಲಿಸಿದವನು. ಭಾವ ಕೇಳಿದ್ದು ಪ್ರಯೋಜನದ ಪ್ರಶ್ನೆ, ಅಮ್ಮನದು ಜೀವದ ಪ್ರಶ್ನೆ, ನಿಮ್ಮದು ನಂಬಿಕೆಯ ಪ್ರಶ್ನೆ. ಯಾವುದನ್ನೂ ಸುಮ್ನೆ ತಳ್ಳಿಹಾಕುವ ಹಾಗಿಲ್ಲ.

ಭಾವನವರಿಂದಲೇ ಶುರು ಮಾಡೋಣ. ಉಪಗ್ರಹಕ್ಕೆ ದೋಣಿ ಕಾಣುತ್ತದೆ, ನಿಜ. ದೋಣಿಯಲ್ಲಿ ಬಲೆಯ ಕೆಳಗೆ ಏನಿದೆ ಅನ್ನೋದು ಕಾಣಲ್ಲ. ಅರಬ್ಬಿ ಸಮುದ್ರದಲ್ಲಿ, ಏಡನ್ ಕೊಲ್ಲಿಯಲ್ಲಿ ಆಯುಧ ಸಾಗೋದು ಹೆಚ್ಚಾಗಿ ಧೌಗಳಲ್ಲಿ. ನಮ್ಮ ಕರಾವಳಿಯಲ್ಲಿ ಮಂಜಿ ಅಂತಾರಲ್ಲ, ಆ ಜಾತಿಯ ಹಡಗು. ಒಂದೇ ಥರದ ಸಾವಿರಾರು ಧೌಗಳು ಅಲ್ಲಿ ಓಡಾಡುತ್ತವೆ. ಅವುಗಳಲ್ಲಿ ಬಹುಪಾಲು ಮೀನು ಹಿಡಿಯೋ ಬಡವರವು. ಬಹಳಷ್ಟರಲ್ಲಿ ತಮ್ಮ ಗುರುತು ಹೇಳುವ ಎಐಎಸ್ ಯಂತ್ರವೇ ಇರಲ್ಲ, ಅಷ್ಟು ಸಣ್ಣ ಮೀನುಗಾರಿಕಾ ದೋಣಿಗೆ ಅದು ಕಡ್ಡಾಯವೂ ಅಲ್ಲ. ಹಾಗಾಗಿ ಯಂತ್ರ ಇಲ್ಲ ಅನ್ನೋ ಒಂದೇ ಕಾರಣಕ್ಕೆ ಯಾರನ್ನೂ ಅನುಮಾನಿಸೋಕೆ ಬರಲ್ಲ.

ಆಯುಧಕ್ಕೆ ಜಾಗವೂ ಜಾಸ್ತಿ ಬೇಡ. 2023ರ ಜನವರಿಯಲ್ಲಿ ಓಮನ್ ಕೊಲ್ಲಿಯಲ್ಲಿ ಅಮೆರಿಕದ ನೌಕಾಪಡೆ ಒಂದೇ ಮೀನುಗಾರಿಕಾ ದೋಣಿಯಲ್ಲಿ 2,116 ಎಕೆ-47 ರೈಫಲ್ ಹಿಡಿಯಿತು. ಒಂದಕ್ಕೆ ಸುಮಾರು ನಾಲ್ಕು ಕೆಜಿ ಅಂತ ಹಿಡಿದರೂ ಒಟ್ಟು ಎಂಟೂವರೆ ಟನ್ ಆಯಿತು. ಒಳ್ಳೆ ಮೀನು ಬಿದ್ದ ದಿನ ಅಂಥ ದೋಣಿ ಅಷ್ಟು ತೂಕ ಸಲೀಸಾಗಿ ಹೊತ್ತು ಬರುತ್ತದೆ. 2016ರ ಫೆಬ್ರವರಿಯಲ್ಲಿ ಆಸ್ಟ್ರೇಲಿಯಾದ ಡಾರ್ವಿನ್ ಯುದ್ಧನೌಕೆಯವರು ಹತ್ತಿದ ಧೌನಲ್ಲಿ 1,989 ಎಕೆ-47, ನೂರು ರಾಕೆಟ್ ಲಾಂಚರ್ ಇದ್ದವು. ಎಲ್ಲ ಮೀನಿನ ಬಲೆಗಳ ಕೆಳಗೆ. ದೂರದಿಂದ ನೋಡಿದರೆ ಅದೂ ಒಂದು ಮೀನಿನ ದೋಣಿ, ಅಷ್ಟೇ.

ಇನ್ನೊಂದು ವಿಷಯ ಭಾವನವರಿಗೆ ಹೇಳಿ. ಆಯುಧ ಸಮುದ್ರದ ಮಧ್ಯದಲ್ಲೇ ಉಳಿಯಲ್ಲ, ಕೊನೆಗೆ ಯಾವುದೋ ದಡಕ್ಕೆ ಬರಲೇಬೇಕು. ದಡದ ಹತ್ತಿರ ಅದನ್ನು ದೊಡ್ಡ ದೋಣಿಯಿಂದ ಸಣ್ಣ ದೋಣಿಗಳಿಗೆ ಇಳಿಸಿ, ರಾತ್ರಿಯೇ ಚದುರಿಸಿಬಿಡುತ್ತಾರೆ. ದಡದಿಂದ 12 ನಾಟಿಕಲ್ ಮೈಲಿ, ಅಂದರೆ ಸುಮಾರು 22 ಕಿಲೋಮೀಟರ್‌ವರೆಗೆ ಆ ನೀರು ಆ ದೇಶದ್ದು. ಅದರೊಳಗೆ ಹೊರಗಿನ ನೌಕಾಪಡೆ ಎಷ್ಟೇ ದೊಡ್ಡದಿದ್ದರೂ ಅವರ ಒಪ್ಪಿಗೆ ಇಲ್ಲದೆ ಯಾರನ್ನೂ ಹಿಡಿಯುವ ಹಾಗಿಲ್ಲ. ಅಲ್ಲಿ ಕೆಲಸ ಮಾಡಬೇಕಾದವರು ಆ ನಾಲ್ಕು ಬೋಟಿನವರೇ. ಅವರಿಗೆ ಬರದಿದ್ದರೆ ಮಧ್ಯ ಸಮುದ್ರದಲ್ಲಿ ನಾವು ಏನೇ ಮಾಡಿದರೂ ಬಾಗಿಲು ತೆರೆದೇ ಇರುತ್ತದೆ.

ಅವರಿಗೆ ಗೊತ್ತಿರುವುದು ನಮಗೆ ಗೊತ್ತಿರಲ್ಲ ಅನ್ನೋದೂ ನಿಜ. ಒಮ್ಮೆ ಅಭ್ಯಾಸಕ್ಕಾಗಿ ನಾವೇ ಒಂದು ದೋಣಿ ಸಿದ್ಧ ಮಾಡಿದ್ದೆವು. ಒಳಗೆ ನಕಲಿ ಪೆಟ್ಟಿಗೆ, ಮೇಲೆ ಬಲೆ. ಕಲಿಯಲು ಬಂದಿದ್ದ ಒಬ್ಬ ಹುಡುಗ, ಮೀನುಗಾರರ ಮನೆಯವನು, ಇನ್ನೂ ಹತ್ತುವ ಮೊದಲೇ ನಕ್ಕುಬಿಟ್ಟ. ಈ ತಿಂಗಳಲ್ಲಿ ಈ ಕಣ್ಣಿನ ಬಲೆಯನ್ನು ನಮ್ಮಲ್ಲಿ ಯಾರೂ ಹಾಕಲ್ಲ, ಅದೂ ಅಲ್ಲದೆ ಹಗ್ಗ ನೋಡಿ, ಉಪ್ಪಿನ ಗುರುತೇ ಇಲ್ಲ ಅಂದ. ನಾವು ಎರಡು ದಿನ ಕೂತು ಮಾಡಿದ್ದನ್ನು ಅವನು ಎರಡು ನಿಮಿಷದಲ್ಲಿ ಹಿಡಿದ. ನನಗೆ ಅವತ್ತು ಆದ ಖುಷಿ ಈಗಲೂ ನೆನಪಿದೆ. ಆ ಕಣ್ಣು ನಾವು ಕೊಟ್ಟದ್ದಲ್ಲ. ಅನುಮಾನ ಬಂದ ಮೇಲೆ ಮುಂದೇನು ಮಾಡಬೇಕು ಅನ್ನೋದನ್ನಷ್ಟೇ ನಾವು ಕೊಡಬಹುದು.

ಸಣ್ಣ ದೇಶಕ್ಕೆ ಆಗಲ್ಲ ಅನ್ನೋದಕ್ಕೆ ಉತ್ತರ ನಮ್ಮ ಪಕ್ಕದಲ್ಲೇ ಇದೆ. 2006-07ರಲ್ಲಿ ಶ್ರೀಲಂಕಾ ನೌಕಾಪಡೆ ಎಲ್‌ಟಿಟಿಇಯ ತೇಲುವ ಆಯುಧ ಉಗ್ರಾಣಗಳನ್ನು ಹುಡುಕಿ ಹುಡುಕಿ ಮುಳುಗಿಸಿತು. ಕೊನೆಯ ಕೆಲವು ಹಡಗುಗಳಿದ್ದದ್ದು ಅವರ ತೀರದಿಂದ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಆಚೆ. ಅಷ್ಟು ದೂರ ಹೋದ ಅವರ ಹಡಗುಗಳಲ್ಲಿ ಒಂದು ಸಯುರ, ಮೊದಲು ಭಾರತದ ಐಎನ್‌ಎಸ್ ಸರಯೂ ಆಗಿದ್ದದ್ದು. ಇನ್ನೊಂದು ಸಮುದುರ, 2004ರಲ್ಲಿ ಅಮೆರಿಕದ ಕರಾವಳಿ ಪಡೆ ಕೊಟ್ಟ ಹಳೆಯ ಹಡಗು. ಹಡಗು ಹೊರಗಿನದು, ಕೆಲಸ ಅವರದೇ. 2025ರ ಜುಲೈನಲ್ಲಿ ಯೆಮೆನ್‌ನ ಬಂಡುಕೋರರಾದ ಹೂಥಿಗಳಿಗೆ ಹೋಗುತ್ತಿದ್ದ 750 ಟನ್‌ಗೂ ಹೆಚ್ಚು ಯುದ್ಧಸಾಮಗ್ರಿ ಸಿಕ್ಕಿತಲ್ಲ, ಅದನ್ನು ಹಿಡಿದವರೂ ಯೆಮೆನ್‌ನವರೇ ಆದ, ಹೂಥಿಗಳ ವಿರುದ್ಧ ಇರುವ ನ್ಯಾಷನಲ್ ರೆಸಿಸ್ಟೆನ್ಸ್ ಪಡೆಯವರು. ಭಾವನವರ "ಫೋಟೋಗೆ" ಅನ್ನೋ ಮಾತಿಗೆ ಆಮೇಲೆ ಬರುತ್ತೇನೆ. ಅದರಲ್ಲಿ ಸ್ವಲ್ಪ ಸತ್ಯ ಇದೆ.

ಈಗ ಹಕ್ಕಿನ ವಿಷಯ. ಇದರ ಬಗ್ಗೆ ಇರುವಷ್ಟು ತಪ್ಪು ತಿಳಿವಳಿಕೆ ಬೇರೆ ಯಾವುದರ ಬಗ್ಗೆಯೂ ಇಲ್ಲ. ಆಯುಧ ಇದೆ ಅಂತ ಗೊತ್ತಾದರೆ ಸಾಕು, ಹತ್ತಬಹುದು ಅಂತ ಜನ ಅಂದುಕೊಂಡಿದ್ದಾರೆ. ಹಾಗಿಲ್ಲ. 1982ರ ವಿಶ್ವಸಂಸ್ಥೆ ಸಮುದ್ರ ಕಾನೂನು ಒಪ್ಪಂದದ ಪ್ರಕಾರ ತೆರೆದ ಸಮುದ್ರದಲ್ಲಿ ಒಂದು ಹಡಗಿನ ಮೇಲೆ ಅಧಿಕಾರ ಇರೋದು ಅದು ಹಾರಿಸುವ ಧ್ವಜದ ದೇಶಕ್ಕೆ ಮಾತ್ರ. ಅದಕ್ಕೆ ಇರುವ ವಿನಾಯಿತಿಗಳು 110ನೇ ವಿಧಿಯಲ್ಲಿವೆ: ಕಡಲ್ಗಳ್ಳತನ, ಗುಲಾಮರ ಸಾಗಣೆ, ಅನಧಿಕೃತ ರೇಡಿಯೊ ಪ್ರಸಾರ, ಯಾವ ದೇಶದ್ದೂ ಅಲ್ಲದ ಹಡಗು, ಬೇರೆ ಧ್ವಜ ಹಾರಿಸಿಕೊಂಡಿರುವ ನಮ್ಮದೇ ದೇಶದ ಹಡಗು. ಈ ಪಟ್ಟಿಯಲ್ಲಿ ಆಯುಧ ಕಳ್ಳಸಾಗಣೆ ಇಲ್ಲ.

2002ರ ಡಿಸೆಂಬರ್‌ನಲ್ಲಿ ನಡೆದದ್ದನ್ನು ನಾನು ಪ್ರತಿ ತರಗತಿಯಲ್ಲೂ ಹೇಳುತ್ತಿದ್ದೆ. ಅರಬ್ಬಿ ಸಮುದ್ರದಲ್ಲಿ ಸೋ ಸಾನ್ ಅನ್ನೋ ಹಡಗು ಧ್ವಜ ಇಲ್ಲದೆ ಹೋಗುತ್ತಿತ್ತು. ಸ್ಪೇನ್‌ನ ನವಾರಾ ನೌಕೆಯವರು ನಿಲ್ಲಿಸಿ ಹತ್ತಿದರು. ಸಿಮೆಂಟ್ ಚೀಲಗಳ ರಾಶಿ ಸರಿಸಿದರೆ ಕೆಳಗೆ ಉತ್ತರ ಕೊರಿಯಾದ 15 ಸ್ಕಡ್ ಕ್ಷಿಪಣಿ! ಆದರೂ ಬಿಟ್ಟು ಕಳಿಸಬೇಕಾಯಿತು. ಅವು ನಮ್ಮವು, ದುಡ್ಡು ಕೊಟ್ಟು ಕೊಂಡಿದ್ದೇವೆ ಅಂತ ಯೆಮೆನ್ ಸರ್ಕಾರ ಹೇಳಿತು. ಹತ್ತೋಕೆ ಕಾರಣ ಇತ್ತು, ಸರಕನ್ನು ಇಟ್ಟುಕೊಳ್ಳೋಕೆ ಕಾನೂನು ಇರಲಿಲ್ಲ. ಇದಾದ ಮುಂದಿನ ವರ್ಷವೇ, 2003ರಲ್ಲಿ, ಇಂಥ ಸಾಗಣೆ ತಡೆಯಲು ದೇಶಗಳು ಒಟ್ಟಾಗಿ ಪ್ರೊಲಿಫರೇಷನ್ ಸೆಕ್ಯುರಿಟಿ ಇನಿಷಿಯೇಟಿವ್ ಅನ್ನೋ ವ್ಯವಸ್ಥೆ ಮಾಡಿಕೊಂಡವು.

ಹಾಗಾದರೆ ಈಗ ದೋಣಿಗಳನ್ನು ಹೇಗೆ ಹತ್ತುತ್ತಾರೆ? ಆಯುಧ ಸಾಗಿಸೋ ಧೌಗಳಲ್ಲಿ ಎಷ್ಟೋ ದೋಣಿಗಳಿಗೆ ಯಾವ ದೇಶದ ನೋಂದಣಿಯೂ ಇರಲ್ಲ. ಆಗ ಅದು ಯಾರದ್ದೂ ಅಲ್ಲದ ಹಡಗು, 110ನೇ ವಿಧಿಯಡಿ ಹತ್ತಬಹುದು. ಕಳ್ಳರು ಗುರುತು ಮುಚ್ಚಿಡಲು ಮಾಡಿಕೊಂಡದ್ದೇ ಅವರಿಗೆ ಮುಳುವಾಗುತ್ತದೆ. ಧ್ವಜ ಇದ್ದರೆ ಆ ದೇಶದ ಒಪ್ಪಿಗೆ ಕೇಳಬೇಕು. ಇನ್ನು ಭದ್ರತಾ ಮಂಡಳಿಯ ನಿರ್ಣಯಗಳಿವೆ, ಆದರೆ ಅವೆಲ್ಲ ಒಂದೇ ಥರ ಅಲ್ಲ. 2015ರ 2216ನೇ ನಿರ್ಣಯ ಹೂಥಿಗಳಿಗೆ ಆಯುಧ ಕೊಡುವುದನ್ನು ನಿಷೇಧಿಸುತ್ತದೆ. ಆದರೆ ತೆರೆದ ಸಮುದ್ರದಲ್ಲಿ ಕಂಡ ಕಂಡ ಹಡಗು ಹತ್ತಲು ಅದು ಪರವಾನಗಿ ಅಲ್ಲ. ಲಿಬಿಯಾಗೆ ಸಂಬಂಧಿಸಿದ 2016ರ 2292ನೇ ನಿರ್ಣಯ ತೆರೆದ ಸಮುದ್ರದಲ್ಲೇ ತಪಾಸಣೆಗೆ ಅವಕಾಶ ಕೊಟ್ಟಿತು. ಆದರೆ ಮೊದಲು ಧ್ವಜದ ದೇಶದ ಒಪ್ಪಿಗೆಗೆ ಪ್ರಾಮಾಣಿಕವಾಗಿ ಪ್ರಯತ್ನ ಪಡಲೇಬೇಕು. 2020ರ ನವೆಂಬರ್‌ನಲ್ಲಿ ಲಿಬಿಯಾಗೆ ಆಯುಧ ಹೋಗುವುದನ್ನು ತಡೆಯುವ ಯುರೋಪ್ ಒಕ್ಕೂಟದ ಐರಿನಿ ಕಾರ್ಯಾಚರಣೆಯಲ್ಲಿದ್ದ ಜರ್ಮನ್ ನಾವಿಕರು ಟರ್ಕಿಯ ರೋಸ್‌ಲೈನ್ ಎ ಹಡಗು ಹತ್ತಿ ಹುಡುಕಾಟ ಶುರು ಮಾಡಿದ್ದರು. ಟರ್ಕಿ ಆಕ್ಷೇಪ ಎತ್ತಿತು. ಅರ್ಧಕ್ಕೇ ನಿಲ್ಲಿಸಿ ಇಳಿದು ಬಂದರು.

ಹಾಗಾಗಿ ತರಬೇತಿಯ ಎಷ್ಟೋ ಹೊತ್ತು ಬಂದೂಕಿನ ಮುಂದೆ ಅಲ್ಲ, ಫೋನಿನ ಮುಂದೆ ಕಳೆಯುತ್ತದೆ. ಯಾರಿಗೆ ಕರೆ ಮಾಡಬೇಕು, ಉತ್ತರ ಬರದಿದ್ದರೆ ಎಷ್ಟು ಹೊತ್ತು ಕಾಯಬೇಕು, ನಖೋದನಿಗೆ, ಅಂದರೆ ಧೌನ ನಾಯಕನಿಗೆ, ಮೊದಲ ಪ್ರಶ್ನೆ ಏನು ಕೇಳಬೇಕು, ಅವನು ಕೊಟ್ಟ ಉತ್ತರವನ್ನು ಲಾಗ್‌ಬುಕ್‌ನಲ್ಲಿ ಹೇಗೆ ಬರೆಯಬೇಕು. ಬಹರೇನ್‌ನಲ್ಲಿ ಕೇಂದ್ರ ಇರುವ, ಹಲವು ದೇಶಗಳ ನೌಕಾಪಡೆಗಳು ಸೇರಿದ ಕಂಬೈನ್ಡ್ ಮ್ಯಾರಿಟೈಮ್ ಫೋರ್ಸಸ್ 2023ರ ಮೇ ತಿಂಗಳಲ್ಲಿ ತರಬೇತಿಗೆಂದೇ ಟಾಸ್ಕ್ ಫೋರ್ಸ್ 154 ಶುರು ಮಾಡಿತು. ಅದರ ಐದು ವಿಷಯಗಳಲ್ಲಿ ಸಮುದ್ರ ಕಾನೂನೂ ಒಂದು. ಹುಡುಗರಿಗೆ ಆ ಪಾಠ ಬೇಜಾರು ತರುತ್ತದೆ. ಹಗ್ಗ ಹಿಡಿದು ಹತ್ತೋದೇ ಅವರಿಗೆ ಇಷ್ಟ. ನಿಮ್ಮ ತಮ್ಮನಿಗೆ ಇದು ಚೆನ್ನಾಗಿ ಗೊತ್ತಿರುತ್ತದೆ.

ಹತ್ತಿದ ಮೇಲೆ ಏನಾಗುತ್ತದೆ ಅನ್ನೋದನ್ನು ಸ್ವಲ್ಪ ಹತ್ತಿರದಿಂದ ಹೇಳುತ್ತೇನೆ. ಸಿನಿಮಾದಲ್ಲಿ ತೋರಿಸೋದು ಮೊದಲ ಹತ್ತು ನಿಮಿಷ. ನಿಜವಾದ ಕೆಲಸ ಅದರ ನಂತರದ ಎಂಟು, ಹತ್ತು ಗಂಟೆ. ಡೀಸೆಲ್, ಕೊಳೆತ ಮೀನು, ಬೆವರು ಎಲ್ಲ ಸೇರಿದ ವಾಸನೆ. ದೋಣಿ ಒಂದೇ ಸಮನೆ ಹೊಯ್ದಾಡುತ್ತದೆ. ಒಳಗೆ ಹೋದವನಿಗೆ ಬೇಗ ತಲೆ ತಿರುಗುತ್ತದೆ. ಅಂಥ ಜಾಗದಲ್ಲಿ ಟೇಪ್ ಹಿಡಿದು ಅಳತೆ ತೆಗೆಯಬೇಕು. ದೋಣಿಯ ಹೊರಗಿನ ಉದ್ದ ಇಷ್ಟು, ಒಳಗೆ ಕೋಣೆ ಕೋಣೆ ಕೂಡಿಸಿದರೆ ಇಷ್ಟು. ಲೆಕ್ಕ ಕೂಡದಿದ್ದರೆ ಉಳಿದ ಜಾಗ ಎಲ್ಲಿ ಹೋಯಿತು? ಇಂಧನದ ಟ್ಯಾಂಕ್‌ಗೆ ಕೋಲು ಇಳಿಸಿದರೆ ಹೊರಗಿನ ಎತ್ತರಕ್ಕಿಂತ ಮೊದಲೇ ತಳ ತಾಗುತ್ತಾ? ಹಳೆಯ ಹಲಗೆಗೆ ಹೊಸ ಸ್ಕ್ರೂ ಯಾಕೆ? ಹೀಗೆ ಒಂದೊಂದೇ ಕೇಳಿಕೊಳ್ಳುತ್ತಾ ಹೋಗಬೇಕು. ಬಲವಂತ ಮಾಡಿ ಒಡೆಯೋದು ಕೊನೆಯ ದಾರಿ. ಯಾಕೆಂದರೆ ಹತ್ತರಲ್ಲಿ ಒಂಬತ್ತು ಸಲ ಅದು ನಿಜವಾಗಿಯೂ ಮೀನುಗಾರನ ದೋಣಿಯೇ ಆಗಿರುತ್ತದೆ ಅಂತ ಮನಸ್ಸಲ್ಲಿಟ್ಟುಕೊಂಡು ಕೆಲಸ ಮಾಡಬೇಕು. ಅವನ ಐಸ್ ಕರಗಿದರೆ, ಬಲೆ ಹರಿದರೆ ಅವನ ತಿಂಗಳ ಅನ್ನ ಹೋಯಿತು. ಅವನು ಊರಿಗೆ ಹೋಗಿ ಏನು ಹೇಳುತ್ತಾನೆ? ಮುಂದಿನ ಸಲ ಅವನ ಬಂಧುಗಳು ನಿಜವಾದ ಕಳ್ಳನನ್ನು ಕಂಡರೂ ಬಾಯಿ ಬಿಡಲ್ಲ.

ಸಿಗುವ ವಸ್ತು ಕೂಡ ಯಾವಾಗಲೂ ಬಂದೂಕಿನ ಹಾಗೆ ಕಾಣಲ್ಲ. 2022ರ ನವೆಂಬರ್‌ನಲ್ಲಿ ಓಮನ್ ಕೊಲ್ಲಿಯಲ್ಲಿ ಹಿಡಿದ ಧೌನಲ್ಲಿ ಇದ್ದದ್ದು ಚೀಲಗಳು. ನೂರು ಟನ್‌ಗೂ ಹೆಚ್ಚು ಯೂರಿಯಾ, ಅದರ ನಡುವೆ 70 ಟನ್‌ಗೂ ಹೆಚ್ಚು ಅಮೋನಿಯಂ ಪರ್‌ಕ್ಲೋರೇಟ್. ಎರಡನೆಯದು ಕ್ಷಿಪಣಿಗಳ ಇಂಧನಕ್ಕೆ ಹಾಕುವ ರಾಸಾಯನಿಕ. ನೋಡೋಕೆ ಗೊಬ್ಬರ. ಗೊತ್ತಿಲ್ಲದವನು "ರೈತರಿಗೆ ಹೋಗ್ತಿದೆ, ಬಿಡಿ" ಅಂತ ಕೈ ಬೀಸಿ ಕಳಿಸುತ್ತಾನೆ. ಮಾದರಿ ತೆಗೆಯೋದು, ಅದನ್ನು ಒದ್ದೆಯಾಗದ ಹಾಗೆ ಇಡೋದು, ಬಿಸಿಲಿಗೆ, ಕಿಡಿಗೆ ಹತ್ತಿರ ತರದಿರೋದು, ಇದೂ ಕಲಿಸಬೇಕಾದದ್ದೇ.

ಇನ್ನು ದಾಖಲೆ. ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಹೆಚ್ಚು ಸೋಲೋದು ಇಲ್ಲೇ. ಆಯುಧ ಸಿಕ್ಕ ಖುಷಿಗೆ ಎಲ್ಲರೂ ಅದನ್ನು ಎತ್ತಿ ಡೆಕ್ ಮೇಲೆ ಸಾಲಾಗಿ ಜೋಡಿಸಿ ಫೋಟೋ ತೆಗೆಸಿಕೊಳ್ಳುತ್ತಾರೆ. ಯಾವ ಪೆಟ್ಟಿಗೆ ಎಲ್ಲಿತ್ತು, ಯಾರು ಮೊದಲು ಮುಟ್ಟಿದರು, ಸೀರಿಯಲ್ ನಂಬರ್ ಏನು ಅನ್ನೋದು ಬರೆದೇ ಇರಲ್ಲ. ಆ ನಂಬರ್‌ಗಳು ಬಹಳ ಮುಖ್ಯ. ಸಮುದ್ರದಲ್ಲಿ ಸಿಕ್ಕ ರೈಫಲ್ಲಿನ ನಂಬರನ್ನು ಎಲ್ಲೋ ಯುದ್ಧಭೂಮಿಯಲ್ಲಿ ಸಿಕ್ಕದ್ದರ ಜೊತೆ ಹೋಲಿಸಿದರೆ ಅದು ಯಾವ ಕಾರ್ಖಾನೆಯಿಂದ, ಯಾರ ಕೈಯಿಂದ ಬಂತು ಅಂತ ದಾರಿ ಕಾಣುತ್ತದೆ. ಹೀಗೆ ಹಿಡಿದ ಆಯುಧದ ಗತಿ ಕೂಡ ಕಾಗದಪತ್ರದ ಮೇಲೇ ನಿಂತಿದೆ. ಅಮೆರಿಕದವರು ಇಂಥ ಕೆಲವು ಧೌಗಳಿಂದ ಹಿಡಿದ 5,000ಕ್ಕೂ ಹೆಚ್ಚು ರೈಫಲ್, ಮೆಷಿನ್ ಗನ್‌ಗಳನ್ನು 2024ರ ಏಪ್ರಿಲ್‌ನಲ್ಲಿ ಉಕ್ರೇನ್‌ಗೆ ಕೊಟ್ಟರು. ಅದಕ್ಕೂ ಮೊದಲು ಅವನ್ನು ಕೋರ್ಟಿನ ಮೂಲಕ ಮುಟ್ಟುಗೋಲು ಹಾಕಿಕೊಳ್ಳಬೇಕಾಯಿತು.

ಅಮ್ಮ ಕೇಳಿದ ಘಟನೆ ಇದಕ್ಕೂ ಸಂಬಂಧಪಟ್ಟದ್ದೇ. ಅದು 2024ರ ಜನವರಿ 11ರ ರಾತ್ರಿ. ಸೊಮಾಲಿಯಾ ತೀರದ ಆಚೆ ಒಂದು ಧೌ. ಹತ್ತುವಾಗ ಒಬ್ಬರು ಎರಡು ದೋಣಿಗಳ ನಡುವಿನ ಸಂದಿಗೆ ಬಿದ್ದರು. ಅವರನ್ನು ಉಳಿಸಲು ಜೊತೆಗಾರ ಹಿಂದೆಯೇ ಧುಮುಕಿದರು. ಇಬ್ಬರೂ ಸಿಗಲಿಲ್ಲ. ಆ ಧೌನಲ್ಲಿ ಕ್ಷಿಪಣಿಯ ಭಾಗಗಳಿದ್ದವು. ಅದರ ನಾಯಕನಿಗೆ 2025ರಲ್ಲಿ ಅಮೆರಿಕದ ಕೋರ್ಟ್ 40 ವರ್ಷ ಜೈಲು ಶಿಕ್ಷೆ ಕೊಟ್ಟಿತು. ಅವನ ಜೊತೆ ದೋಣಿಯಲ್ಲಿದ್ದವರೇ ಬಂದು ಸಾಕ್ಷಿ ಹೇಳಿದರು: ನಾವು ಮೀನು ಹಿಡಿಯೋ ಕೆಲಸ ಅಂತ ನಂಬಿ ಬಂದವರು, ಮೋಸ ಹೋದೆವು ಅಂತ. ದೋಣಿಯಲ್ಲಿರುವ ಎಲ್ಲರೂ ಕಳ್ಳರಲ್ಲ, ಅವರನ್ನು ಬೇರೆ ಬೇರೆ ಕೂರಿಸಿ, ನೀರು ಕೊಟ್ಟು, ಮರ್ಯಾದೆಯಿಂದ ಮಾತಾಡಿಸಿ ಅಂತ ನಾವು ಹೇಳೋದು ಬರೀ ಒಳ್ಳೆತನಕ್ಕಲ್ಲ. ನಾಳೆ ಕೋರ್ಟಿನಲ್ಲಿ ನಿಜ ಹೇಳುವವರು ಅವರೇ.

ಆ ಸಾವುಗಳ ಬಗ್ಗೆ ನಡೆದ ತನಿಖೆ, ಇವು ತಪ್ಪಿಸಬಹುದಾಗಿದ್ದ ಸಾವುಗಳು ಅಂತ ಹೇಳಿತು. ಮೈಮೇಲಿನ ಭಾರ ಎಷ್ಟು, ಆ ಭಾರಕ್ಕೆ ತೇಲಿಸುವ ಸಾಧನ ಸಾಕಾ, ಅದನ್ನು ಹೇಗೆ ಬಳಸಬೇಕು ಅನ್ನೋದರಲ್ಲಿ ತರಬೇತಿ ಸಾಲದಿತ್ತು. ಜಗತ್ತಿನಲ್ಲೇ ಅತ್ಯಂತ ಪಳಗಿದವರ ವಿಷಯದಲ್ಲಿ ಹೀಗಾಯಿತು. ಹಾಗಾಗಿ ಅಪಾಯ ಇಲ್ಲ ಅಂತ ನಾನು ಅಮ್ಮನಿಗೆ ಸುಳ್ಳು ಹೇಳಲ್ಲ. ಆದರೆ ಎರಡು ವಿಷಯ ಅವರಿಗೆ ತಿಳಿಸಿ. ಕಲಿಸೋದು ಬೇರೆ, ರಾತ್ರಿ ಹೊತ್ತಲ್ಲಿ ನಿಜವಾದ ಕಳ್ಳರ ದೋಣಿ ಹತ್ತೋದು ಬೇರೆ. ತರಬೇತಿ ಶುರುವಾಗೋದು ಹಗಲು, ಬಂದರಿನ ಒಳಗೆ, ಕಟ್ಟಿ ನಿಲ್ಲಿಸಿದ ಹಡಗಿನ ಮೇಲೆ. ಆಮೇಲೆ ನಿಧಾನಕ್ಕೆ ಚಲಿಸುವ ಹಡಗು. ರಾತ್ರಿ ಬರೋದು ಕೊನೆಗೆ. ಇನ್ನೊಂದು, ಕೆಡುಕು ಆಗೋದು ಹೆಚ್ಚಾಗಿ ಗುಂಡಿನಿಂದಲ್ಲ, ಆತುರದಿಂದ.

ಈ ಮಾತು ನನ್ನದೇ ತಪ್ಪಿನಿಂದ ಕಲಿತದ್ದು. ಒಂದು ತರಬೇತಿಯಲ್ಲಿ ಕೊನೆಯ ದಿನ ಅತಿಥಿಗಳು ಬರುವವರಿದ್ದರು. ಅಲೆ ಎದ್ದಿತ್ತು. ನಾಳೆಗೆ ಮುಂದೂಡಬೇಕಿತ್ತು, ಮುಂದೂಡಲಿಲ್ಲ. ಕೊಕ್ಕೆ ಏಣಿ ಹಾಕಿಸಿದೆ. ನಮ್ಮ ರಬ್ಬರ್ ಬೋಟ್ ಅಲೆಯ ಮೇಲೆ ಎದ್ದಾಗ ಏಣಿಗೆ ಕಾಲಿಡಬೇಕು, ಇಳಿಯುವಾಗ ಇಡಬಾರದು. ಒಬ್ಬ ಹುಡುಗ ಒಂದೇ ಒಂದು ಕ್ಷಣ ತಡ ಮಾಡಿದ. ಬೋಟ್ ಕೆಳಗೆ ಹೋಗಿ ಮತ್ತೆ ಎದ್ದಾಗ ಅವನ ಅಂಗೈ ಏಣಿಗೂ ಬೋಟಿಗೂ ನಡುವೆ ಸಿಕ್ಕಿತು. ಎರಡು ಬೆರಳು ಮುರಿದವು. ಆ ಹುಡುಗ ನನ್ನ ಮೇಲೆ ಒಂದು ಮಾತೂ ಆಡಲಿಲ್ಲ. ಆಮೇಲೆ ಎಂದೂ ನಾನು ಅತಿಥಿಗಳಿಗಾಗಿ ಯಾರನ್ನೂ ಹತ್ತಿಸಲಿಲ್ಲ.

ಈಗ ನಿಮ್ಮ ಪ್ರಶ್ನೆ, ನನ್ನ ಮಟ್ಟಿಗೆ ಎಲ್ಲಕ್ಕಿಂತ ಕಷ್ಟದ್ದು. ಕಲಿತವರು ತಿರುಗಿ ಬೀಳಬಹುದಾ? ಬಿದ್ದದ್ದುಂಟು. ಸೊಮಾಲಿಯಾದ ಪುಂಟ್‌ಲ್ಯಾಂಡ್‌ನಲ್ಲಿ ಕರಾವಳಿ ಕಾವಲಿಗೆಂದು ಖಾಸಗಿ ಕಂಪನಿಗಳು ಸೇರಿಸಿಕೊಂಡ ಕೆಲವರು ಕಡಲ್ಗಳ್ಳತನಕ್ಕೆ ಇಳಿದಿದ್ದರು. ಲಿಬಿಯಾದಲ್ಲಿ ಇನ್ನೊಂದು ಥರ ಆಯಿತು. ಯುರೋಪ್ ಒಕ್ಕೂಟ 2016ರಿಂದ ಅಲ್ಲಿನ ಕರಾವಳಿ ಪಡೆಗೆ ತರಬೇತಿ ಕೊಟ್ಟಿತು. ಅದೇ ಪಡೆ ವಲಸಿಗರ ಜೊತೆ ಕ್ರೂರವಾಗಿ ನಡೆದುಕೊಳ್ಳುತ್ತಿದೆ ಅಂತ ಮಾನವ ಹಕ್ಕು ಸಂಘಟನೆಗಳು ವರ್ಷಗಟ್ಟಲೆ ದೂರಿದವು. ದೋಣಿ ನಿಲ್ಲಿಸೋ ವಿದ್ಯೆ ಒಂದೇ. ಅದನ್ನು ಯಾರ ಮೇಲೆ ಬಳಸುತ್ತಾರೆ ಅನ್ನೋದು ಕಲಿಸಿದವನ ಕೈಯಲ್ಲಿ ಇರಲ್ಲ.

ಇದಕ್ಕೆ ಇರುವ ದಾರಿಗಳಲ್ಲಿ ಯಾವುದೂ ಪೂರ್ತಿ ಅಲ್ಲ. ಮೊದಲು ಸೋಸಿ ಆರಿಸೋದು. ಅಮೆರಿಕದ ಲೇಹಿ ಕಾನೂನು ಹೀಗೆಯೇ: ಗಂಭೀರ ಮಾನವ ಹಕ್ಕು ಉಲ್ಲಂಘನೆ ಮಾಡಿದ ಪಡೆಯ ತುಕಡಿಗೆ ನೆರವು ಕೊಡೋ ಹಾಗಿಲ್ಲ. ಒಳ್ಳೆಯದು. ಆದರೆ ಅದು ನಿನ್ನೆಯದನ್ನು ನೋಡುತ್ತದೆ, ನಾಳೆಯದನ್ನಲ್ಲ. ಬಂದೂಕು, ವೇಗದ ಬೋಟ್ ಕೊಡುವುದಕ್ಕಿಂತ ದಾಖಲೆ, ಕಾನೂನು, ಹುಡುಕಾಟದ ವಿದ್ಯೆಗೆ ಒತ್ತು ಕೊಡೋದು ಇನ್ನೊಂದು. ಸೀರಿಯಲ್ ನಂಬರ್ ಬರೆಯೋದನ್ನು ಕಲಿತ ಮಾತ್ರಕ್ಕೆ ಯಾರೂ ಕಳ್ಳನಿಗೆ ಹೆಚ್ಚು ಬೆಲೆ ಬಾಳಲ್ಲ. ಆದರೆ ಬೋಟೇ ಇಲ್ಲದವನಿಗೆ ಬರೀ ವಿದ್ಯೆ ಏನು ಮಾಡೀತು ಅನ್ನೋ ಪ್ರಶ್ನೆಯೂ ನ್ಯಾಯವಾದದ್ದೇ. ಅವರ ಅಧಿಕಾರಿಯನ್ನು ನಮ್ಮ ಹಡಗಿನಲ್ಲಿ ಕರೆದುಕೊಂಡು ಹೋಗುವ ಪದ್ಧತಿಯೂ ಇದೆ. ಅವರ ಕಾನೂನು, ನಮ್ಮ ಹಡಗು. ದುರ್ಬಳಕೆ ಕಷ್ಟ. ಆದರೆ ನಾವು ಹೊರಟ ದಿನ ಅವರು ಮತ್ತೆ ಬರಿಗೈ. ಏನೂ ಕಲಿಸದೆ ಸುಮ್ಮನಿರೋದೂ ಒಂದು ದಾರಿಯೇ. ಆಗ ಆ 22 ಕಿಲೋಮೀಟರ್ ನೀರು ಕಳ್ಳರಿಗೆ ಬಿಟ್ಟ ಹಾಗೆ. ಅಲ್ಲಿ ಇಳಿಯುವ ಒಂದೊಂದು ರೈಫಲ್ ಇಪ್ಪತ್ತು, ಮೂವತ್ತು ವರ್ಷ ಬಾಳಿಕೆ ಬರುತ್ತದೆ. ಅದರ ಮುಂದೆ ನಿಲ್ಲುವವರು ಆ ದೇಶದ ಮಕ್ಕಳು. ಇದನ್ನು ಯೋಚಿಸಿದಾಗಲೆಲ್ಲ ನಾನು ಕಲಿಸೋಣ ಅನ್ನೋ ಕಡೆಗೇ ವಾಲುತ್ತೇನೆ.

ನನ್ನ ಅಭಿಪ್ರಾಯ ಕೇಳಿದರೆ, ತಿರುಗಿ ಬೀಳುವುದನ್ನು ತಡೆಯೋದು ಜೊತೆಗಿರುವ ಕಾಲ. ಎರಡು ವಾರ ಬಂದು, ಸರ್ಟಿಫಿಕೇಟ್ ಹಂಚಿ, ಕೈ ಕುಲುಕಿ ಹೋದರೆ ಭಾವ ಹೇಳಿದ ಹಾಗೆ ಉಳಿಯೋದು ಫೋಟೋ ಮಾತ್ರ. ಆರು ತಿಂಗಳಿಗೆ ಅರ್ಧ ತಂಡ ಬೇರೆ ಕಡೆ ವರ್ಗ ಆಗಿರುತ್ತದೆ. ಪೂರ್ವ ಆಫ್ರಿಕಾದ ಕಟ್ಲಸ್ ಎಕ್ಸ್‌ಪ್ರೆಸ್‌ನಂಥ ದೊಡ್ಡ ಅಭ್ಯಾಸಗಳಿಗೂ ಬೆಲೆ ಇದೆ, ದೇಶಗಳ ಅಧಿಕಾರಿಗಳು ಒಬ್ಬರಿಗೊಬ್ಬರು ಪರಿಚಯ ಆಗುತ್ತಾರೆ. ಗ್ರೀಸ್‌ನ ಸೌಡಾ ಕೊಲ್ಲಿಯಲ್ಲಿರುವ ನೇಟೊ ಕೇಂದ್ರದಂಥ ಕಡೆ ಹೋಗಿ ಕಲಿಯೋದೂ ಒಳ್ಳೆಯದೇ. ಆದರೆ ನನಗೆ ಹೆಚ್ಚು ಇಷ್ಟ ಆದದ್ದು 2025ರ ಏಪ್ರಿಲ್‌ನಲ್ಲಿ ಭಾರತ ಮಾಡಿದ ಐಒಎಸ್ ಸಾಗರ್. ಹಿಂದೂ ಮಹಾಸಾಗರದ ಒಂಬತ್ತು ಮಿತ್ರ ದೇಶಗಳ 44 ನಾವಿಕರು ಕೊಚ್ಚಿಯಲ್ಲಿ ಪಾಠ ಕಲಿತು, ಆಮೇಲೆ ಐಎನ್‌ಎಸ್ ಸುನಯನಾದಲ್ಲಿ ಭಾರತದ ನಾವಿಕರ ಜೊತೆ ಒಂದು ತಿಂಗಳ ಪ್ರಯಾಣ ಮಾಡಿದರು. ಒಂದೇ ಅಡುಗೆಮನೆ, ಒಂದೇ ಪಾಳಿ. ಒಂದು ತಿಂಗಳು ಒಂದೇ ಹಡಗಿನಲ್ಲಿ ರಾತ್ರಿ ಪಾಳಿ ಮಾಡಿದವರು ಆಮೇಲೂ ಒಬ್ಬರಿಗೊಬ್ಬರು ಫೋನ್ ಮಾಡುತ್ತಾರೆ. ಆ ಫೋನ್ ಕರೆಗಳಲ್ಲೇ ಎಷ್ಟೋ ಸುಳಿವು ಸಿಗುತ್ತದೆ. ಯಾರು ದಾರಿ ತಪ್ಪುತ್ತಿದ್ದಾರೆ ಅನ್ನೋದೂ ಅಲ್ಲೇ ಮೊದಲು ಗೊತ್ತಾಗೋದು.

ಮತ್ತೆ, ಹಿಡಿದವರನ್ನು ವಿಚಾರಣೆ ಮಾಡುವ ವಕೀಲರು, ನ್ಯಾಯಾಧೀಶರು ಆ ದೇಶದಲ್ಲಿ ಸಿದ್ಧ ಇಲ್ಲದಿದ್ದರೆ ನಾವಿಕರ ಶ್ರಮ ನೀರಿಗೆ ಬಿದ್ದ ಹಾಗೆ. ಮೂರು ಸಲ ಪ್ರಾಣ ಪಣಕ್ಕಿಟ್ಟು ಹಿಡಿದ ಕಳ್ಳ ಮೂರು ಸಲವೂ ಬಿಡುಗಡೆ ಆಗಿ ಬಂದರೆ, ನಾಲ್ಕನೇ ಸಲ ಆ ನಾವಿಕ ಯಾಕೆ ಕಷ್ಟಪಡುತ್ತಾನೆ? ದುಡ್ಡು ತೆಗೆದುಕೊಂಡು ಮುಖ ತಿರುಗಿಸೋದು ಅಲ್ಲಿಂದಲೇ ಶುರುವಾಗುತ್ತದೆ. ಕೆಟ್ಟವನಾಗಿ ಹುಟ್ಟಿದ್ದಕ್ಕಲ್ಲ.

ನಿಮ್ಮ ತಮ್ಮ ಹೊರಡುವ ಮೊದಲು ಕೆಲವು ವಿಷಯ ಕೇಳಿಕೊಳ್ಳಲಿ. ಅದೇ ತಂಡಕ್ಕೆ ಮತ್ತೆ ಯಾವಾಗ ಕಲಿಸಲು ಹೋಗುತ್ತೇವೆ, ಅಥವಾ ಇದು ಒಂದೇ ಸಲವಾ? ತರಬೇತಿ ನಡೆಯೋದು ನಮ್ಮ ಹೊಸ ಬೋಟಿನಲ್ಲಾ, ಅವರ ಹಳೆಯ ಬೋಟಿನಲ್ಲಾ? ಅವರದ್ದರಲ್ಲೇ ಆದರೆ ಒಳ್ಳೆಯದು, ನಾಳೆ ಅವರು ಓಡಿಸೋದು ಅದನ್ನೇ ತಾನೇ. ಆ ಬೋಟಿಗೆ ತಿಂಗಳಿಗೆ ಎಷ್ಟು ಡೀಸೆಲ್ ಸಿಗುತ್ತದೆ ಅಂತಲೂ ಮೊದಲ ದಿನವೇ ಕೇಳಲಿ. ಕೇಳೋಕೆ ಸಣ್ಣ ವಿಷಯ. ಆದರೆ ವಾರಕ್ಕೆ ಎರಡು ಗಂಟೆ ಸಮುದ್ರಕ್ಕೆ ಹೋಗುವಷ್ಟೇ ಎಣ್ಣೆ ಇರೋ ತಂಡಕ್ಕೆ ಕಲಿಸಬೇಕಾದ ಪಾಠವೇ ಬೇರೆ.

ಅಮ್ಮನಿಗೆ ಹೀಗೆ ಹೇಳಿ. ಮಗ ಫೋನ್ ಮಾಡಿದಾಗ "ಊಟ ಆಯ್ತಾ" ಅಂತ ಕೇಳ್ತಾರಲ್ಲ, ಅದರ ಜೊತೆ ಇನ್ನೊಂದು ಪ್ರಶ್ನೆ ಸೇರಿಸಲಿ: "ಪೂರ್ತಿ ಸಾಮಾನು ಮೈಮೇಲೆ ಹಾಕ್ಕೊಂಡು ನೀರಿಗಿಳಿದು, ಲೈಫ್ ಜಾಕೆಟ್ ಎತ್ತಿ ಹಿಡಿಯುತ್ತಾ ಅಂತ ನೋಡಿದ್ಯಾ?" ನೋಡಿಲ್ಲ ಅಂದರೆ ನೋಡುವ ತನಕ ಬಿಡಬಾರದು. ಅವರು ಕೇಳಿದರೆ ಅವನು ಮಾಡುತ್ತಾನೆ. ತಾನು ಕಲಿಸೋ ಹುಡುಗರ ಕೈಲೂ ಮಾಡಿಸುತ್ತಾನೆ.